ಚಿನ್ನ ಅಗೆದವರ ಮಕ್ಕಳು ಚಿನ್ನದ ಬೆಳಕು ನೋಡಬಾರದೆ?



ನಮ್ಮ ಹಾಸ್ಟೆಲುಗಳಿಗೆ ಹೋಗಿ ನೋಡಿ. ಗೋಡೆ ಮೇಲೆ ಬಾಬಾಸಾಹೇಬರ ಪಟ. ಪಟದ ಕೆಳಗೆ ಟ್ರಂಕು. ಟ್ರಂಕಿನ ಮೇಲೆ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಯ ಗೈಡುಗಳು. ಇದನ್ನ ಹೀಯಾಳಿಸೋಕೆ ಹೇಳ್ತಿಲ್ಲ. ಅಪ್ಪ ಕೂಲಿ, ಅವ್ವ ಕೂಲಿ, ತಂಗಿ ಮದುವೆಗೆ ನಿಂತಿದ್ದಾಳೆ. ಅಂಥ ಮನೆಯ ಹುಡುಗ ತಿಂಗಳ ಸಂಬಳದ ಕಡೆ ನೋಡದೆ ಇನ್ನೆಲ್ಲಿ ನೋಡ್ಯಾನು? ಆದರೆ ಅದೇ ಕೋಣೆಗಳಲ್ಲಿ ಭೌತಶಾಸ್ತ್ರದಲ್ಲಿ, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರೂ ಇದ್ದಾರೆ. ಅವರ ಟ್ರಂಕಿನ ಮೇಲೂ ಅದೇ ಗೈಡು. ನನ್ನ ತಕರಾರು ಇಲ್ಲಿಂದ ಶುರು.

ಪ್ಲಾಸ್ಮಾನಿಕ್ಸ್, ನ್ಯಾನೋಫೋಟಾನಿಕ್ಸ್ ಅಂತ ಎರಡು ವಿದ್ಯೆಗಳಿವೆ. ಬಹಳ ಸಣ್ಣ ವಸ್ತುಗಳ ಮೇಲೆ ಬೆಳಕು ಬಿದ್ದಾಗ ಏನಾಗುತ್ತೆ, ಆ ಬೆಳಕನ್ನ ಹೇಗೆ ಪಳಗಿಸಬಹುದು ಅನ್ನೋದು ಇವುಗಳ ಕೆಲಸ. ಇದರಲ್ಲಿ ಸಂಶೋಧನೆ ಮಾಡುವವರಿಗೆ ಫೆಲೋಶಿಪ್ ಇದೆ, ಹೊರದೇಶದ ದಾರಿ ಇದೆ, ಕೆಲಸವೂ ಇದೆ. ನಮ್ಮ ಹುಡುಗರು, ಹುಡುಗಿಯರು ಅಲ್ಲಿಗೆ ಹೋಗಬೇಕು ಅನ್ನೋದು ನನ್ನ ವಾದ. ನೀನು ಬಿಎ ಓದಿದವನು, ಪದ್ಯ ಬರೆಯೋನು, ನಿನಗ್ಯಾಕಯ್ಯ ಈ ಉಸಾಬರಿ ಅಂತ ಕೇಳಬಹುದು. ಕೇಳಿ. ಈ ವಿದ್ಯೆಯ ಕಚ್ಚಾ ಮಾಲು ಚಿನ್ನ. ಚಿನ್ನದ ಮಾತು ಬಂದರೆ ನಮಗೆ ಬಾಯಿ ತೆರೆಯೋ ಹಕ್ಕಿದೆ.

ಕೆಜಿಎಫ್ ಅಂದರೆ ಈಗಿನ ಹುಡುಗರಿಗೆ ಸಿನಿಮಾ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಕೋಲಾರದ ಆ ಬಂಡೆಗೆ ಕೈ ಹಾಕಿತು. ಉತ್ತರ ಆರ್ಕಾಟು ಕಡೆಯಿಂದ, ಚಿತ್ತೂರು ಕಡೆಯಿಂದ, ಜೀತ ತಾಳಲಾರದೆ, ಬರ ತಾಳಲಾರದೆ, ಊರ ಗೌಡರ ಕಾಟ ತಾಳಲಾರದೆ ದಲಿತ ಕುಟುಂಬಗಳು ಗುಂಪುಗುಂಪಾಗಿ ಬಂದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆಯೇ ಮೈ ಸುಡುತ್ತದೆ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಮೀರಿ ಚಿನ್ನ ತೆಗೆದರು. ತೆಗೆದವರಿಗೆ ಉಳಿದದ್ದು ಎದೆಗೂಡಿನಲ್ಲಿ ಕೂತ ಕಲ್ಲಿನ ಧೂಳು ಮತ್ತು ಊರ ಸುತ್ತ ಸಯನೈಡ್ ಮಣ್ಣಿನ ದಿಬ್ಬ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಫೆಬ್ರವರಿ 28 ಅಂದರೆ ಸರ್ಕಾರದ ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ತಮ್ಮ ಪರಿಣಾಮವನ್ನ ಕಂಡ ದಿನ. ಎಂಥ ದಿನ ಆರಿಸಿದರು ನೋಡಿ.

ಇದೇ ಗಣಿಯಲ್ಲಿ ವಿಜ್ಞಾನವೂ ನಡೆದಿತ್ತು. 1965ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಎರಡು ಕಿಲೋಮೀಟರಿಗೂ ಕೆಳಗೆ ಯಂತ್ರ ಇಳಿಸಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣವನ್ನ ಜಗತ್ತಿನಲ್ಲಿ ಮೊದಮೊದಲು ಹಿಡಿದದ್ದು ಅಲ್ಲಿ. ಅಷ್ಟು ಆಳಕ್ಕೆ ದಾರಿ ಕೊರೆದವರು ನಮ್ಮೋರು. ಸುರಂಗ ನಮ್ಮೋರದು, ಸಂಶೋಧನೆ ಅವರದು. ಈ ಲೆಕ್ಕವನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ವಿದ್ಯೆಯ ಮಾತು. ಬಂಗಾರಪೇಟೆ ಕಡೆಯ ನನ್ನ ಹಾಸ್ಟೆಲಿನ ತಮ್ಮನೊಬ್ಬ ಭೌತಶಾಸ್ತ್ರ ಓದಿದವನು. ಅವನು ನನಗೆ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಒಂದು ಮಿಲಿಮೀಟರನ್ನ ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. 20 ನ್ಯಾನೋಮೀಟರಿನ ಚಿನ್ನದ ಗುಂಡಿನಲ್ಲಿ ಸುಮಾರು ಎರಡೂವರೆ ಲಕ್ಷ ಪರಮಾಣು ಇರುತ್ತವೆ. ಒಂದು ಗ್ರಾಂ ಚಿನ್ನದಿಂದ ಅಂಥ ಗುಂಡು ನೂರಿಪ್ಪತ್ತು ಕೋಟಿ ಕೋಟಿ ಆಗುತ್ತವೆ. ತಮಾಷೆ ಏನಂದರೆ ಆ ಚಿನ್ನ ಹಳದಿ ಇರೋದಿಲ್ಲ. ನೀರಲ್ಲಿ ತೇಲಿಬಿಟ್ಟರೆ ದಾಳಿಂಬೆ ರಸದ ಹಾಗೆ ಕೆಂಪು.

ಯಾಕೆ ಕೆಂಪು? ಲೋಹದೊಳಗೆ ಯಾರ ಹಂಗೂ ಇಲ್ಲದೆ ಓಡಾಡುವ ಎಲೆಕ್ಟ್ರಾನುಗಳಿವೆ. ಬೆಳಕು ಬಿದ್ದಾಗ ಅವು ಒಟ್ಟಾಗಿ ಅತ್ತಿಂದಿತ್ತ ತುಳುಕುತ್ತವೆ. ನಮ್ಮ ಅವ್ವಂದಿರಿಗೆ ಇದು ಗೊತ್ತು. ತಲೆ ಮೇಲೆ ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದವರು. ನಡಿಗೆಯ ತಾಳವೂ ನೀರಿನ ತಾಳವೂ ಒಂದಾದರೆ ನೀರು ಜೋರಾಗಿ ತುಳುಕಿ ಮೈಮೇಲೆ ಬೀಳುತ್ತೆ. ನಡಿಗೆ ಬದಲಾಯಿಸಿದರೆ ತುಳುಕೋದು ನಿಲ್ಲುತ್ತೆ. ಚಿನ್ನದ ಗುಂಡಿಗೂ ಹಂಗೇ ಒಂದು ತಾಳ. ಆ ತಾಳಕ್ಕೆ ಹಸಿರು ಬೆಳಕು, ಸುಮಾರು 520 ನ್ಯಾನೋಮೀಟರಿನದು, ಸರಿಹೊಂದುತ್ತದೆ. ಹಸಿರನ್ನ ನುಂಗುತ್ತೆ, ಕೆಂಪನ್ನ ಬಿಟ್ಟುಕೊಡುತ್ತೆ. ಗುಂಡಿನ ಅಳತೆ, ಆಕಾರ ಬದಲಾಯಿಸಿ, ಬಣ್ಣ ಬದಲಾಗುತ್ತೆ. ಗುಂಡಿನ ಮೈಗೆ ಬೇರೆ ಯಾವುದಾದರೂ ಅಣು ಅಂಟಿಕೊಳ್ಳಲಿ, ಆಗಲೂ ಬದಲಾಗುತ್ತೆ. ಈ ತುಳುಕಿಗೆ ಪ್ಲಾಸ್ಮಾನ್ ಅಂತ ಹೆಸರು. ಇಂಗ್ಲಿಷಿನವರು ಏನಾದರೂ ಕರೀಲಿ, ನಾನಂತೂ ತುಳುಕು ಅಂತಲೇ ಕರೀತೀನಿ.

ನಿಮ್ಮೂರ ಆಶಾ ಅಕ್ಕನ ಚೀಲದಲ್ಲಿ ನಿಶ್ಚಯ್ ಅಂತ ಒಂದು ಕಿಟ್ ಇರುತ್ತೆ. ಬಸುರಿಯೋ ಅಲ್ಲವೋ ಅಂತ ತಿಳಿಯೋ ಪಟ್ಟಿ. ಇಂಥ ಪಟ್ಟಿಗಳಲ್ಲಿ ಮೂಡುವ ನಸುಗೆಂಪು ಗೆರೆ ಸಾಮಾನ್ಯವಾಗಿ ಈ ಚಿನ್ನದ ಕಣಗಳದ್ದೇ. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಕಾಲು ಗಂಟೆಯಲ್ಲಿ ನೋಡುತ್ತಿದ್ದ ಪಟ್ಟಿಗಳಲ್ಲೂ ಬಹುಪಾಲು ಇದೇ ಚಿನ್ನ. ಕೊರಳಿಗೆ ಎರಡು ಗುಂಡು ಚಿನ್ನ ಇಲ್ಲದ ನಮ್ಮ ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದ ಚಿನ್ನ ಅದು.

ಹಳೇ ಕಾಲದ ರೋಮಿನವರು ಇದನ್ನ ತಿಳಿಯದೇ ಬಳಸಿದ್ದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಾಲ್ಕನೇ ಶತಮಾನದ ಲೈಕರ್ಗಸ್ ಬಟ್ಟಲು ಇದೆ. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ಗಾಜಿನಲ್ಲಿ ಚಿನ್ನ ಬೆಳ್ಳಿಯ ಸಣ್ಣ ಕಣಗಳಿವೆ. ಅದರ ಮರ್ಮಕ್ಕೆ ಮೊದಲು ಕೈ ಹಾಕಿದವನು ಮೈಕೆಲ್ ಫ್ಯಾರಡೆ, 1857ರಲ್ಲಿ. ಈತನ ಬಗ್ಗೆ ಎರಡು ಮಾತು ಹೇಳಲೇಬೇಕು. ಈತ ಕಮ್ಮಾರನ ಮಗ. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟೋ ಅಂಗಡಿಗೆ ಸೇರಿದ. ಕಟ್ಟೋಕೆ ಬಂದ ಪುಸ್ತಕಗಳನ್ನೇ ಓದಿದ. ಹಂಫ್ರಿ ಡೇವಿ ಎಂಬ ದೊಡ್ಡ ವಿಜ್ಞಾನಿಯ ಉಪನ್ಯಾಸ ಕೇಳಿ, ಬರೆದುಕೊಂಡು, ತಾನೇ ರಟ್ಟು ಕಟ್ಟಿ ಆತನಿಗೇ ಕಳಿಸಿದ. 1813ರಲ್ಲಿ ಕೆಲಸ ಸಿಕ್ಕಿತು. ಯೂರೋಪಿನ ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಡೇವಿಯ ಹೆಂಡತಿ ಈತನನ್ನ ಆಳಿನ ಹಾಗೆ ನಡೆಸಿಕೊಂಡಳು. ಆ ಆಳು ಮುಂದೆ ಕಾಸಿದ ಚಿನ್ನದ ಕೆಂಪು ದ್ರವದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಕೆಂಪಾಗೇ ಇವೆ. ಕಮ್ಮಾರನ ಮಗನಿಗೆ ಬಾಗಿಲು ಅಷ್ಟಾದರೂ ತೆರೆಯಿತು. ಈ ದೇಶದಲ್ಲಿ ಹುಟ್ಟಿದ್ದರೆ ಅವನು ಕುಲುಮೆಯಲ್ಲೇ ಮುದುಕನಾಗುತ್ತಿದ್ದನೇನೋ.

ಜರ್ಮನಿಯ ಗುಸ್ತಾವ್ ಮೀ 1908ರಲ್ಲಿ ಈ ಬಣ್ಣದ ಗಣಿತ ಬರೆದ. 1957ರಲ್ಲಿ ಅಮೆರಿಕದ ರೂಫಸ್ ರಿಚಿ ಲೋಹದ ಮೈಮೇಲೆ ಹರಿಯುವ ತುಳುಕನ್ನ ಲೆಕ್ಕ ಹಾಕಿ ತೋರಿಸಿದ. ನಮಗೆ ಹತ್ತಿರದ ಕತೆ 1974ರದ್ದು. ರಾಮನ್ ಕಂಡ ಬೆಳಕು ಬಹಳ ಬಡಪಾಯಿ, ಕೋಟಿ ಕಣ ಬೆಳಕಿನಲ್ಲಿ ಒಂದೋ ಎರಡೋ ಹಾಗೆ ಚದುರುತ್ತವೆ. ಆದರೆ ಅದರಲ್ಲಿ ಅಣುವಿನ ಬೆರಳಚ್ಚು ಇರುತ್ತೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಒರಟಾದ ಬೆಳ್ಳಿಯ ಮೇಲೆ ಅಣುಗಳನ್ನ ಇಟ್ಟಾಗ ಆ ಬಡಪಾಯಿ ಬೆಳಕು ಕಂಡಾಪಟ್ಟೆ ಜೋರಾಯಿತು. ಎಷ್ಟು ಅಂತ 1977ರಲ್ಲಿ ಲೆಕ್ಕ ಮಾಡಿದರೆ ಲಕ್ಷ, ಹತ್ತು ಲಕ್ಷ ಪಟ್ಟು. ಬೆಳ್ಳಿಯ ತುಳುಕೇ ಕಾರಣ. ಇವತ್ತು ಹಣ್ಣಿನ ಮೇಲಿನ ಕೀಟನಾಶಕ, ರಕ್ತದಲ್ಲಿನ ರೋಗ, ನೀರಿನ ವಿಷ ಹಿಡಿಯೋಕೆ ಈ ವಿದ್ಯೆ ಬೆಳೀತಿದೆ.

ನೀರಿನ ವಿಷ ಅಂದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಇದೆ. ಹಳೇ ಚಿನ್ನದ ಗಣಿಯ ಸೀಮೆ. ಅಲ್ಲಿನ ಬೋರಿನ ನೀರಲ್ಲಿ ಆರ್ಸೆನಿಕ್ ಇತ್ತು, ಲಂಬಾಣಿಗರ ಮೈಚರ್ಮವೇ ಅದನ್ನ ಹೇಳಿತು. ಆರ್ಸೆನಿಕ್ ಇದ್ದರೆ ಬಣ್ಣ ಬದಲಿಸುವ ಚಿನ್ನದ ಕಣಗಳ ಮೇಲೆ ಲೋಕದ ಹಲವು ಲ್ಯಾಬುಗಳಲ್ಲಿ ಕೆಲಸ ನಡೀತಿದೆ. ತಾಂಡಾದ ಹುಡುಗಿಯೊಬ್ಬಳು ಆ ಲ್ಯಾಬಿನಲ್ಲಿ ಕೂತಿದ್ದರೆ ಯಾವ ಬೋರಿನ ನೀರನ್ನ ಮೊದಲು ಪರೀಕ್ಷೆ ಮಾಡುತ್ತಿದ್ದಳು? ಬೆಳ್ಳಿಯ ಕಣ ಮೋರಿಯ ಗಾಳಿಗೆ ಕಪ್ಪಾಗುತ್ತೆ, ಅದನ್ನ ಬಳಸಿ ಮ್ಯಾನ್‌ಹೋಲಿನ ವಿಷಗಾಳಿ ಪತ್ತೆ ಮಾಡಬಹುದು. ಹಂಗಂತ ಯಂತ್ರ ಹಿಡಿದುಕೊಂಡು ಇಳೀರಿ ಅಂತ ಯಾರಾದರೂ ಹೇಳಿದರೆ ಅವರನ್ನೇ ಮೊದಲು ಇಳಿಸಬೇಕು. 2013ರ ಕಾಯ್ದೆ ಇದ್ದೂ ಮನುಷ್ಯರನ್ನ ಇಳಿಸೋದು ನಿಂತಿಲ್ಲ. ಯಾವ ಪ್ರಶ್ನೆ ಲ್ಯಾಬಿನ ಮೇಜಿಗೆ ಬರಬೇಕು ಅನ್ನೋದನ್ನ ಮೇಜಿನ ಹಿಂದೆ ಕೂತವರು ತೀರ್ಮಾನ ಮಾಡ್ತಾರೆ. ನನಗೆ ಇಷ್ಟು ಸಾಕು, ನಮ್ಮೋರು ಅಲ್ಲಿ ಯಾಕಿರಬೇಕು ಅನ್ನೋದಕ್ಕೆ.

ಇನ್ನು ನ್ಯಾನೋಫೋಟಾನಿಕ್ಸ್. ಇದು ಇನ್ನೂ ಅಗಲದ ಹೊಲ, ಲೋಹವೇ ಆಗಬೇಕಂತಿಲ್ಲ. ನವಿಲುಗರಿಯ ಹಸಿರು ನೀಲಿ ನೋಡಿದ್ದೀರಲ್ಲ, ಅದರಲ್ಲಿ ಆ ಬಣ್ಣವೇ ಇಲ್ಲ. ಬೆಳಕಿನ ಅಲೆಯ ಅಳತೆಗೆ ಜೋಡಿಸಿಟ್ಟ ಸಣ್ಣ ಸಣ್ಣ ಕಡ್ಡಿಗಳ ಸಾಲು ಅದು, ಸಾಲಿನ ಅಂತರವೇ ಬಣ್ಣ. ನಾವು ಕವಿಗಳು ನವಿಲನ್ನ ಸುಮ್ಮನೆ ಕುಣಿಸಿದ್ದೇ ಬಂತು. ಮನುಷ್ಯರೇ ಹಾಗೆ ಸಾಲು ಕಟ್ಟಿ ಬೆಳಕನ್ನ ತಡೆಯಬಹುದು, ತಿರುಗಿಸಬಹುದು ಅಂತ 1987ರಲ್ಲಿ ಎಲಿ ಯಾಬ್ಲೊನೊವಿಚ್, ಸಜೀವ್ ಜಾನ್ ಬೇರೆಬೇರೆಯಾಗಿ ಬರೆದರು. ಸಜೀವ್ ಜಾನ್ ಕೇರಳದಲ್ಲಿ ಹುಟ್ಟಿದವರು. 2023ರ ರಸಾಯನಶಾಸ್ತ್ರದ ನೊಬೆಲ್ ಕ್ವಾಂಟಮ್ ಚುಕ್ಕಿಗಳಿಗೆ ಬಂತು, ಅವೂ ಇದೇ ಹಟ್ಟಿಯವು.

ಕೆಲಸ ಎಲ್ಲಿ ಸಿಗುತ್ತೆ ಅಂತ ತಾನೇ ಕೇಳೋದು? ಔಷಧಿ ಕಂಪೆನಿಗಳು ಔಷಧ ಯಾವ ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟುತ್ತೆ ಅಂತ ಅಳೆಯೋದು ಚಿನ್ನದ ತೆಳು ಹಾಳೆಯ ತುಳುಕಿನಿಂದ. ಸ್ವೀಡನ್ನಿನ ಬಯಾಕೋರ್ ಯಂತ್ರ 1990ರಲ್ಲೇ ಮಾರಾಟಕ್ಕೆ ಬಂತು. ಸೀಗೇಟ್ ಕಂಪೆನಿ 2024ರಲ್ಲಿ ತಂದ ಹೊಸ ಹಾರ್ಡ್ ಡಿಸ್ಕುಗಳಲ್ಲಿ ಬೆಳಕನ್ನ ಚುಕ್ಕಿಯಾಗಿ ಹಿಂಡುವುದು ಇದೇ ಪ್ಲಾಸ್ಮಾನಿಕ್ಸ್. ಕಂಪ್ಯೂಟರುಗಳ ನಡುವೆ ತಾಮ್ರದ ತಂತಿಯ ಬದಲು ಸಿಲಿಕಾನಿನ ಮೇಲೇ ಬೆಳಕು ಓಡಿಸುವ ಕೆಲಸಕ್ಕೆ ಜನ ಬೇಕು. ಕ್ಯಾನ್ಸರ್ ಗಡ್ಡೆಗೆ ಚಿನ್ನದ ಕಣ ಸೇರಿಸಿ ಬೆಳಕಿನಿಂದ ಕಾಯಿಸಿ ಸುಡುವ ಚಿಕಿತ್ಸೆ ಅಮೆರಿಕದಲ್ಲಿ ಮನುಷ್ಯರ ಮೇಲಿನ ಪರೀಕ್ಷೆವರೆಗೂ ಬಂದಿದೆ. ಇದರ ಮೇಲೆ ಪ್ರೊಫೆಸರ್ ಕೆಲಸಗಳು. ಅವು ಕಡಿಮೆ. ಪಿಎಚ್‌ಡಿ ಮುಗಿಸಿ ವರ್ಷಗಟ್ಟಲೆ ಕಾಯುವವರಿದ್ದಾರೆ, ಸುಳ್ಳು ಹೇಳಿ ಯಾರನ್ನೂ ಕಳಿಸಬಾರದು.

ದಾರಿ ಹೀಗಿದೆ. ಬಿಎಸ್ಸಿ ಆಗುವಾಗ ಜಾಮ್ ಪರೀಕ್ಷೆ ಬರೆಯಬೇಕು, ಫೆಬ್ರವರಿಯಲ್ಲಿ ನಡೆಯುತ್ತೆ. ಅದರ ಮೇಲೆ ಐಐಟಿಗಳ ಎಂಎಸ್ಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂಎಸ್ಸಿ-ಪಿಎಚ್‌ಡಿ ಕೂಡಿದ ಓದು. ಎಂಎಸ್ಸಿ ನಮ್ಮ ವಿಶ್ವವಿದ್ಯಾಲಯದಲ್ಲೇ ಮಾಡಿದವರು ಸಿಎಸ್‌ಐಆರ್ ನೆಟ್, ಗೇಟ್, ಜೆಸ್ಟ್ ಬರೆಯಬೇಕು. ನೆಟ್‌ನಲ್ಲಿ ಜೆಆರ್‌ಎಫ್ ಬಂದರೆ 2023ರ ಜನವರಿಯಿಂದ ಆದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಬೇರೆ. ನಮಗೆ ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ. ಪಿಎಸ್‌ಐ ಸಂಬಳದ ಪಕ್ಕ ಇಟ್ಟು ನೋಡಿ, ಮನೆಗೆ ಕಳಿಸೋಕೆ ಆಗದ ಹಣ ಏನಲ್ಲ. ಐದಾರು ವರ್ಷ ಹಿಡಿಯುತ್ತೆ ಅನ್ನೋದು ನಿಜ. ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ, ಪುಣೆಯ ಐಸರ್‌ನಲ್ಲಿ, ಮದ್ರಾಸಿನ, ಮುಂಬೈನ ಐಐಟಿಗಳಲ್ಲಿ ಈ ಕೆಲಸ ಮಾಡುವ ಗುಂಪುಗಳಿವೆ. ಬೇರೆ ಕಾಲೇಜಿನವರೂ ವಿಜ್ಞಾನ ಸಂಸ್ಥೆಯ ನ್ಯಾನೋ ಯಂತ್ರಗಳ ಮೇಲೆ ತರಬೇತಿ ಪಡೆಯೋಕೆ ಐಎನ್‌ಯುಪಿ ಅಂತ ಕೇಂದ್ರ ಸರ್ಕಾರದ ಯೋಜನೆ ಇದೆ. ನಮ್ಮ ಎಷ್ಟು ಜನ ಉಪನ್ಯಾಸಕರಿಗೆ ಇದು ಗೊತ್ತು?

ಇಷ್ಟೆಲ್ಲ ಇದ್ದ ಮೇಲೆ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತಲೂ ನೋಡಬೇಕು. ನನ್ನ ಹಾಸ್ಟೆಲಿನ ತಮ್ಮ ಒಂದು ಕಡೆ ಸಂದರ್ಶನಕ್ಕೆ ಹೋಗಿದ್ದ. ಮೊದಲ ಪ್ರಶ್ನೆ, “ನೆಟ್‌ನಲ್ಲಿ ರ‍್ಯಾಂಕ್ ಎಷ್ಟಪ್ಪ?” ರ‍್ಯಾಂಕ್ ಹೇಳಿದ. “ಯಾವ ಕೆಟಗರಿ?” ಅಂದರು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಭೌತಶಾಸ್ತ್ರವೇ ಇರಲಿಲ್ಲ. “ಅಪ್ಪ ಏನು ಮಾಡ್ತಾರೆ, ಇಂಗ್ಲಿಷ್ ಬರುತ್ತಾ, ಐದು ವರ್ಷ ತಡ್ಕೋತೀಯಾ?” ಹೊರಗೆ ಬಂದು ನನಗೆ ಫೋನ್ ಮಾಡಿ, “ಅಣ್ಣ, ಮ್ಯಾಕ್ಸ್‌ವೆಲ್ ಸಮೀಕರಣ ಕಲ್ತು ಹೋಗಿದ್ದೆ ಕಣಣ್ಣ, ಒಂದೂ ಕೇಳಲಿಲ್ಲ” ಅಂದ.

ಡಿಗ್ರಿಯಲ್ಲಿ ಸೀಟು ಸಿಗುತ್ತೆ, ಪರೀಕ್ಷೆ ಇರುತ್ತೆ, ಪೇಪರಿನ ಮೇಲೆ ಹೆಸರಿರೋಲ್ಲ. ಪಿಎಚ್‌ಡಿಯಲ್ಲಿ ಎಲ್ಲ ಒಬ್ಬ ಗೈಡಿನ ಕೈಯಲ್ಲಿ. ಅವನು ತಗೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. 2008ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಸೇಲಂ ಕಡೆಯಿಂದ ಬಂದ ದಲಿತ ಸಂಶೋಧಕನೊಬ್ಬ ಪ್ರಾಣ ಕಳೆದುಕೊಂಡ. ಅವನಿಗೆ ಗೈಡನ್ನೇ ಕೊಟ್ಟಿರಲಿಲ್ಲ. ಎಂಟು ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ. ಕಾರ್ಲ್ ಸಾಗನ್ ತರಹ ವಿಜ್ಞಾನ ಬರೆಯಬೇಕು ಅಂತಿದ್ದವನು. ನೇಚರ್ ಪತ್ರಿಕೆ 2023ರ ಜನವರಿಯಲ್ಲಿ ಲೆಕ್ಕ ಕೊಟ್ಟಿತು, ಮೇಲಿನ ಐದು ಐಐಟಿಗಳ ಪ್ರೊಫೆಸರುಗಳಲ್ಲಿ ನೂರಕ್ಕೆ 98 ಮಂದಿ ಮೇಲ್ಜಾತಿಯವರು. ಅಗ್ರಹಾರ ಊರಲ್ಲಿ ಮಾತ್ರ ಇದೆ ಅಂದುಕೊಂಡಿರಾ?

ಕಾನೂನೂ ಕೈ ಎತ್ತಿದೆ. ಕೇಂದ್ರದ ವಿದ್ಯಾಸಂಸ್ಥೆಗಳ ಪ್ರವೇಶದಲ್ಲಿ ಮೀಸಲಾತಿ ಕೊಡುವ 2006ರ ಕಾಯ್ದೆಗೆ ಹಿಂದೆ ಒಂದು ಪಟ್ಟಿ ಅಂಟಿಸಿದರು, ಈ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸೋಲ್ಲ ಅಂತ. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ, ನ್ಯಾನೋ ವಿಜ್ಞಾನಕ್ಕೆ ಲೋಕದಲ್ಲೇ ಹೆಸರಾದದ್ದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಇದೆ. ಹೌದು, ಕೋಲಾರದ ನಮ್ಮ ಸುರಂಗಕ್ಕೆ ಯಂತ್ರ ಇಳಿಸಿದ ಅದೇ ಸಂಸ್ಥೆ. ನಾವು ಕೊರೆದ ಬಾವಿಗೆ ಅವರು ಇಳಿಯಬಹುದು, ಅವರ ಮೆಟ್ಟಿಲು ನಾವು ಹತ್ತೋಕೆ ಕಾಯ್ದೆ ಇಲ್ಲ. ಉತ್ಕೃಷ್ಟತೆ ಕೆಡುತ್ತಂತೆ. ಮೂರು ಕಿಲೋಮೀಟರ್ ಆಳದಲ್ಲಿ ಬಂಡೆ ಸಿಡಿಯುವ ಸದ್ದು ಕೇಳಿ ಜೀವ ಉಳಿಸಿಕೊಂಡವರ ಉತ್ಕೃಷ್ಟತೆಯನ್ನ ಯಾವ ಪರೀಕ್ಷೆಯಲ್ಲಿ ಅಳೆದಿರಿ ಸ್ವಾಮಿ?

ಪರಿಶಿಷ್ಟ ಜಾತಿಯವರ ರಾಷ್ಟ್ರೀಯ ಫೆಲೋಶಿಪ್ಪಿನಲ್ಲಿ ವರ್ಷಕ್ಕೆ 2000 ಹೊಸ ಸ್ಥಾನ ಇಟ್ಟರು. ಅದರಲ್ಲಿ ವಿಜ್ಞಾನಕ್ಕೆ 500, ಉಳಿದ 1500 ಕಲೆ, ಸಮಾಜವಿಜ್ಞಾನಕ್ಕೆ. ಆ ಹಣವೂ ತಿಂಗಳುಗಟ್ಟಲೆ ಬಾರದೆ ಹುಡುಗರು ಮೆಸ್ಸಿನಲ್ಲಿ ಸಾಲ ಹೇಳೋದು ಎಲ್ಲರಿಗೂ ಗೊತ್ತಿದ್ದದ್ದೇ. ಹೊರದೇಶಕ್ಕೆ ಕಳಿಸುವ ಕೇಂದ್ರದ ಸ್ಕಾಲರ್‌ಶಿಪ್ 125, ಅದರಲ್ಲಿ ಪರಿಶಿಷ್ಟ ಜಾತಿಗೆ 115. ವಯಸ್ಸು 35ರ ಒಳಗೆ, ಮನೆ ವರಮಾನ ವರ್ಷಕ್ಕೆ 8 ಲಕ್ಷದ ಒಳಗೆ ಇರಬೇಕು. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಓದೋಕೆ ಈ ಹಣ ಇಲ್ಲ ಅಂತ 2022ರಲ್ಲಿ ನಿಯಮ ತಂದರು. ನಮ್ಮ ಇತಿಹಾಸ ನಾವೇ ಓದಿಬಿಟ್ಟೇವು ಅಂತ ಭಯ. ಆ ನಿಯಮದ ವಿರುದ್ಧ ಕೂಗಲೇಬೇಕು. ಆದರೆ ಬಾರ್ಸಿಲೋನಾದಲ್ಲೋ ಜರ್ಮನಿಯ ಎರ್ಲಾಂಗೆನ್‌ನಲ್ಲೋ ಬೆಳಕಿನ ವಿಜ್ಞಾನದ ದೊಡ್ಡ ಸಂಸ್ಥೆಗಳಿವೆ. ಅಲ್ಲಿ ಓದುವ ವಿಜ್ಞಾನಕ್ಕೆ ಆ ನಿಯಮದ ಅಡ್ಡಿ ಇಲ್ಲ. ಅದನ್ನ ಬಿಡೋದು ಯಾಕೆ?

ಈ ಮಾತು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. 1942ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ವೈಸರಾಯ್ ಲಿನ್‌ಲಿತ್‌ಗೋಗೆ ಒಂದು ಮನವಿ ಕೊಟ್ಟರು. ಕಲೆ, ಕಾನೂನು ಓದಿದರೆ ನಮ್ಮ ಜನಕ್ಕೆ ಬಹಳ ಉಪಯೋಗ ಆಗೋಲ್ಲ, ಬೇಕಾದ್ದು ವಿಜ್ಞಾನ ತಂತ್ರಜ್ಞಾನದ ಉನ್ನತ ಓದು, ಅದಕ್ಕೆ ಇಲ್ಲೂ ಹೊರದೇಶದಲ್ಲೂ ಸ್ಕಾಲರ್‌ಶಿಪ್ ಕೊಡಿ ಅಂತ ಅದರಲ್ಲಿ ಕೇಳಿದ್ದರು. ಅರ್ಥಶಾಸ್ತ್ರ, ಕಾನೂನು ಎರಡನ್ನೂ ಅರೆದು ಕುಡಿದ ಮನುಷ್ಯ ಕೇಳಿದ ಮಾತು ಇದು. ಎಂಬತ್ತು ವರ್ಷ ದಾಟಿತು. ನಾವು ಪಟಕ್ಕೆ ಹಾರ ಹಾಕಿದೆವು, ಮನವಿ ಓದಲಿಲ್ಲ.

ನಮ್ಮ ಸಂಘಟನೆಗೂ ಒಂದು ಮಾತು ಹೇಳಲೇಬೇಕು, ಸಿಟ್ಟು ಬಂದರೆ ಬರಲಿ. ವರ್ಷಕ್ಕೊಂದು ಕಾವ್ಯ ಕಮ್ಮಟ ಮಾಡ್ತೀವಿ, ಕಾನೂನು ಶಿಬಿರ ಮಾಡ್ತೀವಿ, ಹಾಡಿನ ತಂಡ ಕಟ್ತೀವಿ. ಕಮ್ಮಟದಲ್ಲಿ ಪದ್ಯ ಓದಿದವನು ನಾನು, ಅದರ ಬೆಲೆ ನನಗೆ ಗೊತ್ತು. ಆದರೆ ಒಂದೇ ಒಂದು ವಿಜ್ಞಾನ ಶಿಬಿರ ಮಾಡಿದ್ದು ನಾನು ಕಂಡಿಲ್ಲ. ಚಿನ್ನದ ಕ್ಲೋರೈಡನ್ನ ಸೋಡಿಯಂ ಸಿಟ್ರೇಟ್ ಹಾಕಿ ಕುದಿಸಿದರೆ ಕಣ್ಣೆದುರೇ ದ್ರವ ಕೆಂಪಾಗುತ್ತೆ, 1951ರಿಂದ ಬಳಕೆಯಲ್ಲಿರುವ ವಿಧಾನ, ಡಿಗ್ರಿ ಕಾಲೇಜಿನ ಲ್ಯಾಬಿಗೆ ಭಾರವಲ್ಲ. ಒಂದು ಭಾನುವಾರ ಹಾಸ್ಟೆಲಿನ ಹುಡುಗರ ಮುಂದೆ ಅದನ್ನ ಕುದಿಸಿ ತೋರಿಸೋಕೆ ನಮ್ಮಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಇಲ್ಲವೆ? ಕನ್ನಡದಲ್ಲಿ ಓದಿಬಂದ ಹುಡುಗರಿಗೆ ಈ ವಿದ್ಯೆಯನ್ನ ಕನ್ನಡದಲ್ಲೇ ಮೊದಲು ಹೇಳಬೇಕು. ಆ ಕೆಲಸಕ್ಕೆ ನನ್ನಂಥ ಬಿಎ ಓದಿದವರೂ ಆಗ್ತೀವಿ. ನಮ್ಮ ತಮ್ಮ ಸೂತ್ರ ಹೇಳಲಿ, ನಾನು ಮಾತು ಹುಡುಕ್ತೀನಿ.

ಮುಂದಿನ ಜಿಲ್ಲಾ ಸಭೆಯಲ್ಲಿ ನಾವು ಕೆಲವರು ಮೂರು ಠರಾವು ತರುತ್ತೇವೆ. 2006ರ ಕಾಯ್ದೆಯ ಆ ಪಟ್ಟಿಯನ್ನ ಕಿತ್ತು ಹಾಕಬೇಕು. ಗೈಡುಗಳು ಯಾರನ್ನ ತಗೊಂಡರು, ಯಾರನ್ನ ಬಿಟ್ಟರು ಅಂತ ಪ್ರತಿ ವಿಭಾಗವೂ ವರ್ಷವರ್ಷ ಗೋಡೆಗೆ ಹಚ್ಚಬೇಕು. ನಮ್ಮ ಕೈಯಲ್ಲೇ ಇರೋದು ಮೂರನೆಯದು. ಪ್ರತಿ ಜಿಲ್ಲೆಯಲ್ಲಿ ಜಾಮ್ ಮತ್ತು ನೆಟ್‌ಗೆ ಭಾನುವಾರದ ಪಾಠ ಶುರು ಮಾಡಬೇಕು. ಪಾಠ ಹೇಳೋಕೆ ಇಬ್ಬರು ಒಪ್ಪಿದ್ದಾರೆ, ಒಬ್ಬರು ಭೌತಶಾಸ್ತ್ರದವರು, ಒಬ್ಬರು ಗಣಿತದವರು. ಜಾಗ ಇನ್ನೂ ಸಿಕ್ಕಿಲ್ಲ. ಬಿಎಸ್ಸಿ, ಎಂಎಸ್ಸಿ ಓದುತ್ತಿರುವವರು, ಓದಿ ಮನೆಯಲ್ಲಿ ಕೂತವರು, ಮುಖ್ಯವಾಗಿ ಹೆಣ್ಣುಮಕ್ಕಳು, ಈ ಹಾಳೆ ಮಾರುತ್ತಿರುವವರ ಹತ್ತಿರ ಒಂದು ನೋಟ್‌ಬುಕ್ಕಿದೆ, ಅದರಲ್ಲಿ ಹೆಸರು, ಊರು, ಓದಿದ ವಿಷಯ ಬರೆದು ಹೋಗಿ.